ಡ ಯಾವುದು, ಢ ಯಾವುದು: ಹಳೆಯ ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡ್ ಹಾಕಿದ್ದು

"ಪುಟ್ಟಾ, ಇದು ಡ ನಾ ಢ ನಾ, ಸ್ವಲ್ಪ ನೋಡು" ಎಂದು ಅಪ್ಪ ಕಂಪ್ಯೂಟರ್ ಪರದೆಯ ಮುಂದಿನಿಂದ ಕರೆದಾಗ ಅವರ ಕನ್ನಡಕ ಬದಲಿಸುವ ಹೊತ್ತು ಬಂತೇನೋ ಅಂದುಕೊಂಡೆ. ಹತ್ತಿರ ಹೋಗಿ ನೋಡಿದರೆ ನನಗೂ ಗೊತ್ತಾಗಲಿಲ್ಲ. ಅಕ್ಷರದ ಕೆಳಗಿನ ಆ ಪುಟ್ಟ ಗೀಟು ಇದೆಯೋ ಇಲ್ಲವೋ ಅನ್ನುವ ಹಾಗಿತ್ತು. ಒತ್ತಕ್ಷರಗಳೆಲ್ಲ ಒದ್ದೆ ಕಾಗದದ ಮೇಲೆ ಬರೆದಂತೆ ಹರಡಿಕೊಂಡಿದ್ದವು. ಪ ಮತ್ತು ಫ, ಡ ಮತ್ತು ಢ, ಇವೆಲ್ಲ ಬೇರೆಯಾಗುವುದೇ ಒಂದೆರಡು ಚುಕ್ಕಿಯಷ್ಟು ಜಾಗದಲ್ಲಿ. ಆ ಜಾಗವೇ ಮಸುಕಾದರೆ ಓದುವುದು ಹೇಗೆ?

ಮಾನಿಟರ್ ಹೊಸದು. 24 ಇಂಚಿನದು, 1920 ಅಡ್ಡ 1080 ಉದ್ದ ಚುಕ್ಕಿಗಳು. ಕಂಪ್ಯೂಟರ್ ಹಳೆಯದು. ಇಂಟೆಲ್ ಐ3 2100 ಪ್ರೊಸೆಸರ್, ಎಚ್61 ಚಿಪ್‌ಸೆಟ್‌ನ ಮದರ್‌ಬೋರ್ಡ್, ತೆಳ್ಳಗಿನ ಕ್ಯಾಬಿನೆಟ್. 2011ರ ಪೀಳಿಗೆಯ ಸಾಮಾನು. ಹಿಂದೆ ಇರುವ ಪರದೆಯ ಕಿಂಡಿ ಒಂದೇ, ನೀಲಿ ಬಣ್ಣದ ವಿಜಿಎ.

ತಪ್ಪು ಮಾನಿಟರಿನದೋ ಕಂಪ್ಯೂಟರಿನದೋ ಅಂತ ಮೊದಲು ಖಚಿತ ಮಾಡಿಕೊಂಡೆ. ಮಾನಿಟರಿನ ಗುಂಡಿ ಒತ್ತಿ 'ಆಟೋ ಅಡ್ಜಸ್ಟ್' ಕೊಟ್ಟೆ. ಅಕ್ಷರ ಸ್ವಲ್ಪ ಸರಿಯಾಯಿತು, ಪೂರ್ತಿ ಆಗಲಿಲ್ಲ. ನನ್ನ ಲ್ಯಾಪ್‌ಟಾಪನ್ನು ಎಚ್‌ಡಿಎಂಐ ಕೇಬಲ್‌ನಲ್ಲಿ ಅದೇ ಮಾನಿಟರಿಗೆ ಜೋಡಿಸಿ, ಅದೇ ಪುಟ ತೆರೆದೆ. ಅಕ್ಷರಗಳು ಅಚ್ಚು ಹಾಕಿದ ಹಾಗೆ ನಿಂತವು. ಅಲ್ಲಿಗೆ ಮಾನಿಟರ್ ಮೇಲೂ ಅಪ್ಪನ ಕಣ್ಣಿನ ಮೇಲೂ ಅನುಮಾನ ಉಳಿಯಲಿಲ್ಲ.

ವಿಜಿಎಯಲ್ಲಿ ಯಾಕೆ ಹೀಗಾಗುತ್ತದೆ ಅಂತ ಸ್ವಲ್ಪ ಹೇಳಬೇಕು. ವಿಜಿಎ 1987ರದ್ದು, ಕೊಳವೆಯ ಮಾನಿಟರುಗಳ ಕಾಲದ್ದು. ಕಂಪ್ಯೂಟರಿನೊಳಗೆ ಪ್ರತಿ ಚುಕ್ಕಿಯೂ ಒಂದು ಸಂಖ್ಯೆ. ಆ ಸಂಖ್ಯೆಯನ್ನು ವೋಲ್ಟೇಜಿನ ಏರಿಳಿತವಾಗಿ ಬದಲಿಸಿ ತಂತಿಯಲ್ಲಿ ಕಳಿಸುತ್ತಾರೆ. ಈಗಿನ ಮಾನಿಟರ್ ಆ ಏರಿಳಿತವನ್ನು ಅಳೆದು ಮತ್ತೆ ಸಂಖ್ಯೆ ಮಾಡಿಕೊಳ್ಳುತ್ತದೆ. 1080 ಸಾಲಿನ ಪರದೆಯನ್ನು ಸೆಕೆಂಡಿಗೆ 60 ಸಲ ಕಳಿಸಲು ಪಿಕ್ಸೆಲ್ ಗಡಿಯಾರ (ಚುಕ್ಕಿಗಳನ್ನು ಕಳಿಸುವ ತಾಳ) 148.5 ಮೆಗಾಹರ್ಟ್ಸ್‌ನಲ್ಲಿ ಓಡುತ್ತದೆ. ಅಂದರೆ ಒಂದು ಚುಕ್ಕಿಗೆ ಸಿಗುವ ಹೊತ್ತು 7 ನ್ಯಾನೊಸೆಕೆಂಡಿಗಿಂತ ಕಡಿಮೆ. ಮಾನಿಟರ್ ಅಳೆಯುವ ಗಳಿಗೆ ಚೂರು ಆಚೀಚೆ ಆದರೂ ಪಕ್ಕದ ಚುಕ್ಕಿಯ ಬಣ್ಣ ಇದಕ್ಕೆ ಬೆರೆಯುತ್ತದೆ. ಕೇಬಲ್ ತೆಳ್ಳಗಿದ್ದರೆ, ಉದ್ದ ಇದ್ದರೆ ಇನ್ನೂ ಜಾಸ್ತಿ. ಎಚ್‌ಡಿಎಂಐನಲ್ಲಿ ಸಂಖ್ಯೆ ಸಂಖ್ಯೆಯಾಗಿಯೇ ಹೋಗುತ್ತದೆ, ಈ ತೊಂದರೆ ಹುಟ್ಟುವುದೇ ಇಲ್ಲ.

ವಿಜಿಎಯಿಂದ ಎಚ್‌ಡಿಎಂಐಗೆ ಬದಲಿಸುವ ಪುಟ್ಟ ಪೆಟ್ಟಿಗೆ ಸಾಕಲ್ವಾ ಅಂತ ಕೇಳುವವರಿದ್ದಾರೆ. ಇಲ್ಲಿ ಅದರಿಂದ ಲಾಭವಿಲ್ಲ. ಮಸುಕಾಗುವುದು ಏರಿಳಿತವನ್ನು ಅಳೆಯುವ ಜಾಗದಲ್ಲಿ. ಆ ಕೆಲಸವನ್ನು ಮಾನಿಟರಿನ ಬದಲು ಪೆಟ್ಟಿಗೆ ಮಾಡುತ್ತದೆ, ಅಷ್ಟೇ. ಹಾಗಾಗಿ ಎಚ್‌ಡಿಎಂಐ ಕಿಂಡಿ ಇರುವ ಗ್ರಾಫಿಕ್ಸ್ ಕಾರ್ಡ್, ಅಂದರೆ ಪರದೆಯ ಚಿತ್ರ ಮಾಡಿ ಕಳಿಸುವ ಪ್ರತ್ಯೇಕ ಹಲಗೆ, ಹಾಕುವುದೆಂದು ತೀರ್ಮಾನಿಸಿದೆ. ಆಟ ಆಡುವುದಕ್ಕಲ್ಲ, ಓದುವುದಕ್ಕೆ.

ಕಾರ್ಡ್ ಇಲ್ಲದ ಯಂತ್ರದಲ್ಲಿ ಪರದೆಯ ಚಿತ್ರ ಮಾಡುವ ಭಾಗವನ್ನು ನಾವು ಸುಮ್ನೆ ರೂಢಿಯಿಂದ 'ಆನ್‌ಬೋರ್ಡ್ ಗ್ರಾಫಿಕ್ಸ್' ಅನ್ನುತ್ತೇವೆ. ಈ ಯಂತ್ರದಲ್ಲಿ ಅದು ಬೋರ್ಡಿನ ಮೇಲಿಲ್ಲ, ಪ್ರೊಸೆಸರಿನ ಚಿಪ್ಪಿನೊಳಗೇ ಇದೆ. ಹೆಸರು ಎಚ್‌ಡಿ ಗ್ರಾಫಿಕ್ಸ್ 2000. ಅದಕ್ಕೂ ಹಿಂದಿನ ಜಿ31, ಜಿ41 ಬೋರ್ಡುಗಳಲ್ಲಿ ನಿಜಕ್ಕೂ ಬೋರ್ಡಿನ ಚಿಪ್‌ಸೆಟ್‌ನಲ್ಲಿ ಇರುತ್ತಿತ್ತು. ಎರಡಕ್ಕೂ ಸ್ವಂತ ಮೆಮೊರಿ ಇಲ್ಲ. ಕಂಪ್ಯೂಟರಿನ ರ‍್ಯಾಮಿನಲ್ಲೇ ಪಾಲು ತೆಗೆದುಕೊಳ್ಳುತ್ತವೆ. ಪರದೆ ಸುಮ್ಮನೆ ನಿಂತಿದ್ದರೂ ಅದರ ಚಿತ್ರವನ್ನು ಸೆಕೆಂಡಿಗೆ 60 ಸಲ ರ‍್ಯಾಮಿನಿಂದ ಓದಿ ಕಳಿಸುತ್ತಲೇ ಇರಬೇಕು. ಲೆಕ್ಕ ಹಾಕಿದರೆ ಸೆಕೆಂಡಿಗೆ ಹತ್ತಿರ ಹತ್ತಿರ ಅರ್ಧ ಗಿಗಾಬೈಟ್. ಅಪ್ಪನ ಯಂತ್ರದಲ್ಲಿ ಇದ್ದದ್ದು ಡಿಡಿಆರ್3 1333ರ ಒಂದೇ ಕಡ್ಡಿ, 4 ಜಿಬಿ. ಒಂದು ಕಡ್ಡಿಯಿಂದ ಹೆಚ್ಚೆಂದರೆ ಸೆಕೆಂಡಿಗೆ 10.6 ಗಿಗಾಬೈಟ್ ಹರಿಯುತ್ತದೆ. ಅದರಲ್ಲೇ ಪ್ರೊಸೆಸರ್, ಅದರಲ್ಲೇ ಪರದೆ. ನಿಮ್ಮ ಬೋರ್ಡಿನಲ್ಲಿ ಆಗಲೇ ಎಚ್‌ಡಿಎಂಐ ಕಿಂಡಿ ಇದ್ದು, ಯಂತ್ರ ಬರೀ ನಿಧಾನ ಅನ್ನಿಸುತ್ತಿದ್ದರೆ, ಕಾರ್ಡಿಗಿಂತ ಮೊದಲು ಅದೇ ಬಗೆಯ ಎರಡನೆಯ ರ‍್ಯಾಮ್ ಕಡ್ಡಿ ಹಾಕಿ ನೋಡಿ. ಹರಿವು ಎರಡರಷ್ಟಾಗುತ್ತದೆ. ಆನ್‌ಬೋರ್ಡ್ ಗ್ರಾಫಿಕ್ಸಿಗೆ ಅದರಿಂದ ಆಗುವಷ್ಟು ಉಪಕಾರ ಬೇರೆ ಯಾವುದರಿಂದಲೂ ಆಗುವುದಿಲ್ಲ. ನನಗೆ ಕಿಂಡಿಯೇ ಬೇಕಿತ್ತು, ಆ ದಾರಿ ಇರಲಿಲ್ಲ.

ಕಾರ್ಡ್ ಆರಿಸಲು ಒಂದು ವಾರ ಹಿಡಿಯಿತು. ಹಾಕುವ ಕೆಲಸಕ್ಕಿಂತ ಇದೇ ದೊಡ್ಡದು ಅಂತ ಈಗಲೂ ಅನ್ನಿಸುತ್ತದೆ.

ಮೊದಲು ಕ್ಯಾಬಿನೆಟ್ ತೆರೆದು, ಕಾರ್ಡ್ ಕೂರುವ ಸ್ಲಾಟ್ ನೋಡಿದೆ. ಉದ್ದನೆಯ ಪಿಸಿಐ ಎಕ್ಸ್‌ಪ್ರೆಸ್ 16 ಲೇನ್ ಸ್ಲಾಟ್ ಒಂದಿತ್ತು (ಲೇನ್ ಅಂದರೆ ಮಾಹಿತಿ ಹರಿಯುವ ದಾರಿ). ಇದಕ್ಕಿಂತ ಹಳೆಯ ಬೋರ್ಡಾದರೆ ಎಜಿಪಿ ಸ್ಲಾಟ್ ಇರಬಹುದು. ಎರಡೂ ಬೇರೆ ಜಾತಿ, ಒಂದರ ಕಾರ್ಡ್ ಇನ್ನೊಂದಕ್ಕೆ ಕೂರುವುದಿಲ್ಲ. ಪಿಸಿಐ ಎಕ್ಸ್‌ಪ್ರೆಸ್‌ನಲ್ಲಿ ಹಾಗಲ್ಲ, 3.0 ಕಾರ್ಡ್ 2.0 ಸ್ಲಾಟಿನಲ್ಲಿ ಓಡುತ್ತದೆ. ವೇಗ ಮಾತ್ರ 2.0ಕ್ಕೆ ಇಳಿಯುತ್ತದೆ. ಕ್ಯಾಬಿನೆಟ್ ತೆಳ್ಳಗಿರುವುದರಿಂದ ಕುಳ್ಳ ಕಾರ್ಡೇ ಬೇಕು. ಮಾಮೂಲಿ ಕಾರ್ಡಿನ ಲೋಹದ ಪಟ್ಟಿ ಸುಮಾರು 12 ಸೆಂ.ಮೀ. ಉದ್ದ, ಕುಳ್ಳ ಕಾರ್ಡಿನದು ಸುಮಾರು 8. ಸ್ಕೇಲ್ ಹಿಡಿದು ಅಳೆದೇ ನೋಡಿ, ಕಣ್ಣಂದಾಜು ಬೇಡ.

ಆಮೇಲೆ ಕರೆಂಟಿನ ಲೆಕ್ಕ. 16 ಲೇನ್ ಸ್ಲಾಟ್ ತಾನೇ ಕಾರ್ಡಿಗೆ ಹೆಚ್ಚೆಂದರೆ 75 ವ್ಯಾಟ್ ಕೊಡಬಹುದು. ಅದಕ್ಕಿಂತ ಜಾಸ್ತಿ ಬೇಕಾದ ಕಾರ್ಡುಗಳಿಗೆ ಎಸ್‌ಎಂಪಿಎಸ್‌ನಿಂದ (ಯಂತ್ರಕ್ಕೆ ಕರೆಂಟ್ ಹಂಚುವ ಪೆಟ್ಟಿಗೆಯಿಂದ) 6 ಪಿನ್ ಇಲ್ಲವೇ 8 ಪಿನ್ ವೈರು ಬೇಕು. ನಮ್ಮ ಪುಟ್ಟ ಎಸ್‌ಎಂಪಿಎಸ್‌ನಲ್ಲಿ ಅಂಥ ವೈರೇ ಇಲ್ಲ. ಅದರ ಚೀಟಿಯ ಮೇಲೆ ದೊಡ್ಡದಾಗಿ ಬರೆದ ಒಟ್ಟು ವ್ಯಾಟಿಗಿಂತ 12 ವೋಲ್ಟ್ ಸಾಲಿನ ಆಂಪಿಯರ್ ಮುಖ್ಯ. ಪ್ರೊಸೆಸರ್, ಕಾರ್ಡ್ ಎರಡೂ ಉಣ್ಣುವುದು ಅಲ್ಲಿಂದ. ನಮ್ಮದರಲ್ಲಿ 14 ಆಂಪಿಯರ್ ಎಂದಿತ್ತು, ಅಂದರೆ 168 ವ್ಯಾಟ್. ಪ್ರೊಸೆಸರಿಗೆ 65 ವ್ಯಾಟ್ ಹಿಡಿದೆ. ಹಾರ್ಡ್ ಡಿಸ್ಕ್, ಫ್ಯಾನ್ ಸೇರಿಸಿ ಇನ್ನೊಂದು 20. ವಯಸ್ಸಾದ ಎಸ್‌ಎಂಪಿಎಸ್ ಬರೆದಷ್ಟು ಕೊಡುತ್ತದೆ ಅಂತ ನಂಬಬಾರದು. ಹಾಗಾಗಿ 30 ವ್ಯಾಟಿನ ಒಳಗಿನ ಕಾರ್ಡ್ ಸಾಕು ಅಂತ ನಾನೇ ಗೆರೆ ಹಾಕಿಕೊಂಡೆ.

ಆ ಗೆರೆಯೊಳಗೆ ಸುಲಭವಾಗಿ ಸಿಗುವುದು ಎರಡು: ಎನ್‌ವಿಡಿಯಾದ ಜಿಟಿ 710 ಮತ್ತು ಜಿಟಿ 1030. ಮೊದಲನೆಯದು 19 ವ್ಯಾಟ್, ಎರಡನೆಯದು 30. ಅಕ್ಷರ ತಿಳಿಯಾಗುವುದಷ್ಟೇ ಬೇಕಿದ್ದರೆ 710 ಧಾರಾಳ. ಆದರೆ ಅಪ್ಪ ಬ್ರೌಸರಿನಲ್ಲಿ ವಿಡಿಯೊ ಜಾಸ್ತಿ ನೋಡುತ್ತಾರೆ. ಅಂತರ್ಜಾಲದ ಎಷ್ಟೋ ವಿಡಿಯೊಗಳು ವಿಪಿ9 ಎಂಬ ಬಗೆಯಲ್ಲಿ ಬರುತ್ತವೆ. ಅದನ್ನು ಬಿಡಿಸುವ ಸರ್ಕ್ಯೂಟ್ ಎಚ್‌ಡಿ 2000ದಲ್ಲೂ ಇಲ್ಲ, 710ರಲ್ಲೂ ಇಲ್ಲ. ಎಲ್ಲ ಹೊರೆ ಪ್ರೊಸೆಸರಿನ ಮೇಲೆ. 1030ರಲ್ಲಿ ವಿಪಿ9 ಇದೆ, ಎಚ್‌ಇವಿಸಿ ಎಂಬ ಇನ್ನೊಂದು ಬಗೆಯೂ ಇದೆ. ಎವಿ1 ಎಂಬ ಬಗೆ ಇಲ್ಲ. ವಿಡಿಯೊ ತಯಾರಿಸುವವರು ಗಮನಿಸಿ: 1030 ವಿಡಿಯೊ ಬಿಡಿಸುತ್ತದೆ, ಆದರೆ ಎನ್‌ಕೋಡ್ ಮಾಡುವ, ಅಂದರೆ ವಿಡಿಯೊವನ್ನು ಕುಗ್ಗಿಸಿ ಕಟ್ಟುವ ಸರ್ಕ್ಯೂಟ್ ಅದರಲ್ಲಿಲ್ಲ.

1030 ಕೊಳ್ಳುವಾಗ ಡಬ್ಬಿಯ ಮೇಲಿನ ಸಣ್ಣ ಅಕ್ಷರವನ್ನು ಓದಲೇಬೇಕು. 2017ರಲ್ಲಿ ಬಂದದ್ದು ಜಿಡಿಡಿಆರ್5 ಮೆಮೊರಿಯದು. ಅದರ ಹರಿವು ಸೆಕೆಂಡಿಗೆ 48 ಗಿಗಾಬೈಟ್. ಮರುವರ್ಷ ಅದೇ ಹೆಸರಿನಲ್ಲಿ ಡಿಡಿಆರ್4 ಮೆಮೊರಿಯದೂ ಬಂತು. ಅದರದು 16.8 ಮಾತ್ರ. ಹೆಸರು ಒಂದೇ, ಹರಿವು ಮೂರರಲ್ಲೊಂದು ಪಾಲು. ನಾನು ಜಿಡಿಡಿಆರ್5 ಹುಡುಕಿದೆ. ಬಳಸಿದ ಕಾರ್ಡೊಂದು ಸಿಕ್ಕಿತು, 2 ಜಿಬಿ, ಕುಳ್ಳ ಪಟ್ಟಿಯ ಸಮೇತ. ಬಳಸಿದ್ದನ್ನು ಕೊಳ್ಳುವಾಗ ಆ ಕುಳ್ಳ ಪಟ್ಟಿ ಇದೆಯಾ ಅಂತ ಕೇಳಿ. ಎಷ್ಟೋ ಜನ ಡಬ್ಬಿ ಜೊತೆಗೆ ಅದನ್ನೂ ಎಸೆದಿರುತ್ತಾರೆ. ಆಮೇಲೆ ಅದೊಂದನ್ನೇ ಹುಡುಕಲು ಹೊರಟರೆ ಸಾಕುಸಾಕಾಗುತ್ತದೆ.

ಕಿಂಡಿಗಳ ಬಗ್ಗೆಯೂ ಒಂದು ಮಾತು, ಏಕೆಂದರೆ ಹಳೆಯ ಮಾನಿಟರ್ ಇರುವವರು ಎಡವುವುದು ಇಲ್ಲಿ. ಈ ಕಾರ್ಡಿನಲ್ಲಿ ಎಚ್‌ಡಿಎಂಐ ಒಂದು, ಡಿವಿಐ ಒಂದು. ಆ ಡಿವಿಐ, 'ಡಿ' ಬಗೆಯದು. ವಿಜಿಎಗೆ ಬೇಕಾದ ಏರಿಳಿತದ ಸಂಕೇತ ಅದರಲ್ಲಿ ಬರುವುದೇ ಇಲ್ಲ. ಡಿವಿಐ ಕಿಂಡಿಯ ಒಂದು ತುದಿಯಲ್ಲಿ ಚಪ್ಪಟೆ ಸೀಳು ಇರುತ್ತದಲ್ವಾ, ಅದರ ಸುತ್ತ ನಾಲ್ಕು ಪುಟ್ಟ ತೂತು ಇದ್ದರೆ ಅದು 'ಐ' ಬಗೆ. ಅದಕ್ಕೆ ಸಾದಾ ವಿಜಿಎ ಅಡಾಪ್ಟರ್ ನಡೆಯುತ್ತದೆ. ನಾಲ್ಕು ತೂತು ಇಲ್ಲದಿದ್ದರೆ ನಡೆಯುವುದಿಲ್ಲ. ಬರೀ ವಿಜಿಎ ಇರುವ ಮಾನಿಟರಿಗೆ ಈ ಕಾರ್ಡ್ ಜೋಡಿಸಬೇಕಾದರೆ ಒಳಗೆ ಚಿಪ್ ಇರುವ ಎಚ್‌ಡಿಎಂಐ–ವಿಜಿಎ ಪರಿವರ್ತಕವೇ ಬೇಕು.

ಕಾರ್ಡ್ ಕೈಗೆ ಬಂದ ದಿನ ಮೊದಲು ಪಟ್ಟಿ ಬದಲಿಸಿದೆ. ಡಿವಿಐ ಕಿಂಡಿಯ ಎರಡು ಬದಿ ಆರು ಮೂಲೆಯ ಚಿಕ್ಕ ನಟ್ಟುಗಳಿರುತ್ತವೆ. 5 ಮಿ.ಮೀ. ನಟ್ ಡ್ರೈವರಿನಲ್ಲಿ ಅವನ್ನು ಬಿಚ್ಚಿ, ಪಕ್ಕದ ಸ್ಕ್ರೂ ತೆಗೆದರೆ ಉದ್ದದ ಪಟ್ಟಿ ಕೈಗೆ ಬರುತ್ತದೆ. ಇಕ್ಕಳದಲ್ಲಿ ಹಿಡಿದು ತಿರುಗಿಸಬೇಡಿ, ಜಾರಿ ಬೋರ್ಡಿಗೆ ಗೀರು ಬೀಳಬಹುದು.

ಬಳಸಿದ ಕಾರ್ಡ್ ಆದ್ದರಿಂದ ಚಿಪ್ಪಿನ ಶಾಖ ಹೀರುವ ಹೀಟ್‌ಸಿಂಕನ್ನೂ ಬಿಚ್ಚಿದೆ. ಹಿಂಬದಿಯಲ್ಲಿ ಸ್ಪ್ರಿಂಗ್ ಇರುವ ನಾಲ್ಕು ಸ್ಕ್ರೂ. ಒಂದನ್ನೇ ಪೂರ್ತಿ ಬಿಚ್ಚದೆ, ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿದೆ. ಶಾಖ ದಾಟಿಸಲು ಚಿಪ್ಪಿನ ಮೇಲೆ ಹಚ್ಚಿದ ಪೇಸ್ಟ್ ಒಣಗಿ ಸುಣ್ಣದ ಹಕ್ಕಳೆಯಂತಾಗಿತ್ತು. ಐಸೊಪ್ರೊಪೈಲ್ ಆಲ್ಕೊಹಾಲ್ ತೇವ ಮಾಡಿದ ಬಟ್ಟೆಯಲ್ಲಿ ಒರೆಸಿ, ಅಕ್ಕಿಕಾಳಿನಷ್ಟು ಹೊಸ ಪೇಸ್ಟ್ ನಡುವೆ ಇಟ್ಟು, ಅದೇ ಎದುರುಬದುರು ಕ್ರಮದಲ್ಲಿ ಬಿಗಿದೆ. ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಂಡು ಬ್ರಶ್ಶಿನಿಂದ ಧೂಳು ತೆಗೆದೆ. ಹಿಡಿಯದೆ ಗಾಳಿ ಊದಿದರೆ ಫ್ಯಾನ್ ವಿಪರೀತ ವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗುತ್ತದೆ.

ಮರುದಿನ ಕಂಪ್ಯೂಟರ್ ಕಡೆ ತಿರುಗಿದೆ. ಪ್ಲಗ್ ತೆಗೆದು, ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದು, ಒಳಗೆ ಉಳಿದ ಚಾರ್ಜ್ ಖಾಲಿ ಮಾಡಿದೆ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಮುಟ್ಟಿ ಕೈಯ ಸ್ಥಿರ ವಿದ್ಯುತ್ ಇಳಿಸಿಕೊಂಡೆ. ಧೂಳು ಹೊಡೆದೆ. ಬೋರ್ಡಿನ ಕೆಪಾಸಿಟರುಗಳ ತಲೆ ಒಂದೊಂದನ್ನೂ ಟಾರ್ಚ್ ಬಿಟ್ಟು ನೋಡಿದೆ. ತಲೆ ಚಪ್ಪಟೆ ಇರಬೇಕು. ಉಬ್ಬಿದ್ದರೆ, ಕಂದು ರಸ ಒಸರಿದ್ದರೆ, ಆ ಬೋರ್ಡಿಗೆ ಕಾರ್ಡಿನ ಹೊರೆ ಹೊರಿಸಬಾರದು. ಎಲ್ಲವೂ ಸರಿ ಇದ್ದವು.

ಎಸ್‌ಎಂಪಿಎಸ್ ಅಳೆಯಲು ಪ್ಲಗ್ ಹಾಕಿ ಯಂತ್ರ ಆನ್ ಮಾಡಿ, ಖಾಲಿ ಇದ್ದ 4 ಪಿನ್ ಕನೆಕ್ಟರಿನ ಹಳದಿ ಮತ್ತು ಕಪ್ಪು ವೈರಿನ ನಡುವೆ ಮಲ್ಟಿಮೀಟರ್ ಹಿಡಿದೆ. ಸುಮ್ಮನಿದ್ದಾಗ 12.08 ವೋಲ್ಟ್. ಪ್ರೊಸೆಸರಿಗೆ ಪೂರ್ತಿ ಕೆಲಸ ಕೊಟ್ಟಾಗ 11.94. 11.4ರಿಂದ 12.6ರವರೆಗೆ ಇದ್ದರೆ ನಿಯಮದ ಒಳಗೆ. ಆದರೆ ಬರೀ ಅಂಕಿಗಿಂತ, ಹೊರೆ ಬಿದ್ದಾಗ ಎಷ್ಟು ಕುಸಿಯುತ್ತದೆ ಅನ್ನುವುದನ್ನು ನಾನು ಜಾಸ್ತಿ ನಂಬುತ್ತೇನೆ. ಇಲ್ಲಿ ಕುಸಿತ ಕಡಿಮೆ ಇತ್ತು, ಧೈರ್ಯ ಬಂತು.

ಮತ್ತೆ ಪ್ಲಗ್ ತೆಗೆದೆ. ಕ್ಯಾಬಿನೆಟ್ಟಿನ ಹಿಂದಿನ ಮುಚ್ಚಳಪಟ್ಟಿ ತೆಗೆದು, ಕಾರ್ಡನ್ನು ಸ್ಲಾಟಿಗೆ ನೇರವಾಗಿ ಒತ್ತಿದೆ. ಕ್ಲಿಪ್ ಟಕ್ ಅಂತು. ಪಟ್ಟಿಯ ಸ್ಕ್ರೂ ಬಿಗಿದು, ಎಚ್‌ಡಿಎಂಐ ಕೇಬಲ್ ಹಾಕಿ, ಆನ್ ಮಾಡಿದೆ. ಕಾರ್ಡಿನ ಫ್ಯಾನ್ ಒಂದು ಸಲ ಅಲುಗಿ ನಿಂತಿತು. ಪರದೆ ಕಪ್ಪು.

ಗಾಬರಿಯಾಯಿತು. ಆದರೂ ಏನನ್ನೂ ಕೀಳದೆ, ಹಳೆಯ ವಿಜಿಎ ಕೇಬಲನ್ನು ಬೋರ್ಡಿನ ಕಿಂಡಿಗೆ ಹಾಕಿದೆ. ವಿಂಡೋಸ್ ಆರಾಮಾಗಿ ಓಡುತ್ತಿತ್ತು! ಯಂತ್ರದ ಭಾಗಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರಿನಲ್ಲಿ ಹೊಸ ಕಾರ್ಡಿನ ಸುಳಿವೇ ಇರಲಿಲ್ಲ, ಗುರುತಿಲ್ಲದ ಸಾಧನ ಅಂತಲೂ ಇರಲಿಲ್ಲ. ಬೋರ್ಡಿಗೆ ಕಾರ್ಡ್ ಕಾಣುತ್ತಲೇ ಇಲ್ಲ ಅಂತ ಇದರ ಅರ್ಥ. ಡ್ರೈವರಿನ (ವಿಂಡೋಸಿಗೆ ಕಾರ್ಡ್ ನಡೆಸಲು ಬೇಕಾದ ತಂತ್ರಾಂಶದ) ತೊಂದರೆಯಾಗಿದ್ದರೆ ಕನಿಷ್ಠ ಹಳದಿ ಗುರುತಿನ ಒಂದು ಹೆಸರಾದರೂ ಇರುತ್ತಿತ್ತು.

ಆಫ್ ಮಾಡಿ, ಪ್ಲಗ್ ತೆಗೆದು, ಕಣ್ಣನ್ನು ಸ್ಲಾಟಿನ ಮಟ್ಟಕ್ಕೆ ತಂದು ನೋಡಿದೆ. ಕಾರ್ಡಿನ ಬಂಗಾರ ಬಣ್ಣದ ಹಲ್ಲುಗಳು ಒಂದು ಬದಿಯಲ್ಲಿ ಪೂರ್ತಿ ಇಳಿದಿದ್ದವು, ಇನ್ನೊಂದು ಬದಿಯಲ್ಲಿ ಒಂದು ಮಿಲಿಮೀಟರಿನಷ್ಟು ಮೇಲೆದ್ದಿದ್ದವು. ಪಟ್ಟಿಯ ಕೆಳತುದಿ, ಬೋರ್ಡ್ ಮತ್ತು ಕ್ಯಾಬಿನೆಟ್ ಗೋಡೆಯ ನಡುವಿನ ಸಂದಿಗೆ ಇಳಿಯಬೇಕು. ಅದು ಇಳಿಯದೆ ಗೋಡೆಯ ಅಂಚಿನ ಮೇಲೆ ಕೂತಿತ್ತು. ನಾನು ಮೇಲಿನ ಸ್ಕ್ರೂ ಬಿಗಿದಂತೆ ಕಾರ್ಡ್ ಏತದ ಹಾಗೆ ವಾಲಿ, ಒಂದು ತುದಿ ಸ್ಲಾಟಿನಿಂದ ಎದ್ದಿತ್ತು. ಕ್ಲಿಪ್ ಟಕ್ ಅಂದದ್ದೇನೋ ನಿಜ, ಸ್ಕ್ರೂ ಬಿಗಿದಾಗ ಏನಾಯಿತು ಅಂತ ನಾನು ನೋಡಿರಲಿಲ್ಲ. ಪಟ್ಟಿಯ ತುದಿಯನ್ನು ಇಕ್ಕಳದಲ್ಲಿ ಕೂದಲೆಳೆಯಷ್ಟು ಒಳಕ್ಕೆ ಬಾಗಿಸಿದೆ. ಈ ಸಲ ಸ್ಕ್ರೂ ಬಿಗಿದ ಮೇಲೆ ಇನ್ನೊಮ್ಮೆ ಹಲ್ಲುಗಳ ಸಾಲು ಸಮ ಇದೆಯಾ ಅಂತ ನೋಡಿದೆ. ಸಮ ಇತ್ತು.

ಈಗ ಡಿವೈಸ್ ಮ್ಯಾನೇಜರಿನಲ್ಲಿ 'ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್' ಎಂದು ಎರಡನೆಯ ಸಾಲು ಬಂತು. ಕಾರ್ಡ್ ಇದೆ, ಡ್ರೈವರ್ ಇಲ್ಲ, ಅಷ್ಟೇ. ಆದರೆ ಆನ್ ಮಾಡಿದಾಗಿನ ಮೊದಲ ಲೋಗೋ ಇನ್ನೂ ವಿಜಿಎಯಲ್ಲೇ ಬರುತ್ತಿತ್ತು. ವಿಂಡೋಸಿಗೂ ಮೊದಲು ಓಡುವ ಬೋರ್ಡಿನ ಸ್ವಂತ ತಂತ್ರಾಂಶ ಬಯಾಸ್, ಅದರೊಳಗೆ ಹೋಗಿ ಈ ಆಯ್ಕೆ ಹುಡುಕಿದೆ. ಬೋರ್ಡಿನಿಂದ ಬೋರ್ಡಿಗೆ ಇದರ ಹೆಸರು ಬೇರೆ: 'ಪ್ರೈಮರಿ ಡಿಸ್‌ಪ್ಲೇ', 'ಇನಿಟ್ ಡಿಸ್‌ಪ್ಲೇ ಫಸ್ಟ್', ಹೀಗೆ. ಆಯ್ಕೆಗಳಲ್ಲಿ 'ಐಜಿಡಿ' ಅಂದರೆ ಒಳಗಿನ ಗ್ರಾಫಿಕ್ಸ್, 'ಪಿಇಜಿ' ಅಂದರೆ ಸ್ಲಾಟಿನ ಕಾರ್ಡ್. ನಮ್ಮದು ಐಜಿಡಿಯಲ್ಲಿತ್ತು. ಪಿಇಜಿ ಮಾಡಿ, ಉಳಿಸಿ, ಹೊರಬಂದೆ. ಎಚ್‌ಡಿಎಂಐಯಲ್ಲಿ ಲೋಗೋ ಮೂಡಿತು. ವಿಜಿಎ ಕೇಬಲ್ ಸುತ್ತಿಟ್ಟೆ. ಡ್ರೈವರ್ ಹಾಕಿದೆ. ಎನ್‌ವಿಡಿಯಾ ತಾಣದಿಂದ ಕಾರ್ಡಿನ ಹೆಸರು ಕೊಟ್ಟು ಇಳಿಸಿಕೊಂಡದ್ದು, ಅದರ ಬಗ್ಗೆ ಹೇಳುವಂಥದ್ದು ಏನಿಲ್ಲ. ರಾತ್ರಿ ಗೋಡೆಯ ಸ್ವಿಚ್ ಆರಿಸಿ ಮಲಗಿದೆವು.

ಬೆಳಿಗ್ಗೆ ಮತ್ತೆ ಪರದೆ ಕಪ್ಪು.

ಕಾರ್ಡ್ ಮೇಲೇ ಅನುಮಾನ ಬಂತು. ಬಳಸಿದ್ದು, ಕೆಟ್ಟಿರಬಹುದು ಅಂತ. ವಿಜಿಎ ಕೇಬಲನ್ನು ಬಿಚ್ಚಿ ಮತ್ತೆ ಹಾಕಿದೆ. ಅಲ್ಲಿ ಒಂದು ಸಂದೇಶ ನಿಂತಿತ್ತು. ಸಿಮಾಸ್ (ಬಯಾಸ್ ಆಯ್ಕೆಗಳನ್ನು ಉಳಿಸಿಡುವ ಜಾಗ) ಮಾಹಿತಿ ತಪ್ಪಿದೆ, ಮುಂದುವರಿಯಲು ಎಫ್1 ಒತ್ತಿ ಅಂತ. ಕಾಣದ ಪರದೆಯಲ್ಲಿ ಯಂತ್ರ ನನ್ನ ಬೆರಳಿಗೆ ಕಾಯುತ್ತಾ ಕೂತಿತ್ತು.

ಅಪ್ಪನನ್ನು ಕರೆದು ತೋರಿಸಿದೆ. "ಅಪ್ಪಾ, ಇದು ಮೊದಲೂ ಬರ್ತಿತ್ತಾ?"

"ಅದಾ? ದಿನಾ ಬರುತ್ತಲ್ಲ. ಎಫ್1 ಒತ್ತಿದರೆ ಹೋಗುತ್ತೆ."

ಎಷ್ಟು ದಿನದಿಂದ ಅಂದರೆ, "ತುಂಬಾ ದಿನ ಆಯ್ತು ಪುಟ್ಟಾ, ನಿನಗೆ ಯಾಕೆ ತೊಂದರೆ ಕೊಡೋದು ಅಂತ ಹೇಳಲಿಲ್ಲ" ಅಂದರು. ಕೆಲವು ವೆಬ್‌ಸೈಟುಗಳು ಬೆಳಿಗ್ಗೆ ತೆರೆಯುವುದಿಲ್ಲ, ಸ್ವಲ್ಪ ಹೊತ್ತು ಬಿಟ್ಟರೆ ತೆರೆಯುತ್ತವೆ ಅಂತಲೂ ಹೇಳಿದರು. ಅದಕ್ಕೂ ಕಾರಣ ಇದೇ. ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋದರೆ ತಾಣದ ಭದ್ರತಾ ಪ್ರಮಾಣಪತ್ರದ ದಿನಾಂಕ ಹೊಂದುವುದಿಲ್ಲ. ವಿಂಡೋಸ್ ಅಂತರ್ಜಾಲದಿಂದ ಸಮಯ ಸರಿ ಮಾಡಿಕೊಂಡ ಮೇಲೆ ಎಲ್ಲವೂ ತೆರೆಯುತ್ತವೆ. ನಾನು ಒಂದು ಸಲ ಬೆಳಿಗ್ಗೆ ಅವರ ಪಕ್ಕ ಕೂತಿದ್ದರೆ ಗೊತ್ತಾಗುತ್ತಿತ್ತು. ಅದು ನನಗೆ ನೋವಾಯಿತು.

ಬೋರ್ಡಿನ ಮೇಲಿನ ನಾಣ್ಯದಂಥ ಸೆಲ್, ಸಿಆರ್2032, ಹೊರತೆಗೆದು ಅಳೆದೆ. ಹೊಸದರಲ್ಲಿ 3 ವೋಲ್ಟಿಗಿಂತ ಚೂರು ಮೇಲೆಯೇ ಇರುತ್ತದೆ. ಇದರಲ್ಲಿ 2.31. ಬಯಾಸ್‌ನಲ್ಲಿ ನಾವು ಮಾಡಿಟ್ಟದ್ದನ್ನು, ಗಡಿಯಾರವನ್ನು, ಕರೆಂಟ್ ಇಲ್ಲದಾಗ ಕಾಯುವುದು ಈ ಸೆಲ್. ರಾತ್ರಿಯಿಡೀ ಗೋಡೆಯ ಸ್ವಿಚ್ ಆರಿದ್ದಾಗ ಪಿಇಜಿ ಅನ್ನುವ ಆಯ್ಕೆ ಅಳಿಸಿ, ಕಾರ್ಖಾನೆಯ ಐಜಿಡಿ ವಾಪಸ್ ಬಂದಿತ್ತು. ಹೊಸ ಸೆಲ್ ಹಾಕಿ, ದಿನಾಂಕ ಸರಿ ಮಾಡಿ, ಮತ್ತೆ ಪಿಇಜಿ ಕೊಟ್ಟೆ. ಸ್ವಿಚ್ ಆರಿಸಿ ಒಂದು ಗಂಟೆ ಬಿಟ್ಟು ಆನ್ ಮಾಡಿದೆ. ಲೋಗೋ ನೇರವಾಗಿ ಎಚ್‌ಡಿಎಂಐಯಲ್ಲಿ ಬಂತು. ಹತ್ತು ವರ್ಷ ದಾಟಿದ ಯಾವ ಯಂತ್ರಕ್ಕೇ ಆಗಲಿ, ಕಾರ್ಡ್ ಹಾಕುವ ದಿನವೇ ಈ ಸೆಲ್ ಬದಲಿಸಿಬಿಡಿ.

ಇಷ್ಟೆಲ್ಲ ಆದ ಮೇಲೆ ಅಪ್ಪನ ಪುಟ ತೆರೆದರೆ, ಅಕ್ಷರ ಇನ್ನೂ ಮಸುಕು!

ಈ ಮಸುಕು ಬೇರೆ ಥರದ್ದು. ವಿಜಿಎಯಲ್ಲಿ ಅಕ್ಷರದ ಬದಿಗೆ ನೆರಳು ಬೀಳುತ್ತಿತ್ತು. ಇಲ್ಲಿ ಪ್ರತಿ ಅಕ್ಷರವೂ ಹಿಗ್ಗಿಸಿದ ಫೋಟೊದಂತಿತ್ತು. ಪರದೆಯ ಅಂಚು ನೋಡಿದಾಗ ಗುಟ್ಟು ಗೊತ್ತಾಯಿತು. ಕೆಳಗಿನ ಟಾಸ್ಕ್‌ಬಾರ್ ಅರ್ಧ ಕತ್ತರಿಸಿಹೋಗಿತ್ತು. ಎಚ್‌ಡಿಎಂಐ ಹುಟ್ಟಿದ್ದು ಟಿವಿಗೆ. ಟಿವಿಗಳು ಚಿತ್ರದ ಅಂಚನ್ನು ಸ್ವಲ್ಪ ಹೊರಗೆ ತಳ್ಳಿ, ನಡುಭಾಗವನ್ನು ಹಿಗ್ಗಿಸಿ ತೋರಿಸುವ ಹಳೆಯ ರೂಢಿಯಿದೆ. ಅದಕ್ಕೆ ಓವರ್‌ಸ್ಕ್ಯಾನ್ ಅನ್ನುತ್ತಾರೆ. ಈ ಮಾನಿಟರಿನಲ್ಲಿ ಎಚ್‌ಡಿಎಂಐಗೆ ಅದು ಆನ್ ಇತ್ತು. ಒಂದು ಚುಕ್ಕಿ ಒಂದು ಚುಕ್ಕಿಯ ಮೇಲೇ ಕೂರದೆ ಪಕ್ಕಕ್ಕೆ ಹರಡಿದರೆ ಅಕ್ಷರ ಎಲ್ಲಿ ತಿಳಿಯಾಗುತ್ತದೆ? ಲ್ಯಾಪ್‌ಟಾಪ್ ಜೋಡಿಸಿದ್ದಾಗ ಹೀಗೆ ಯಾಕೆ ಆಗಲಿಲ್ಲ ಅಂತ ನೋಡಿದರೆ, ಆಗ ಬಳಸಿದ್ದು ಮಾನಿಟರಿನ ಎರಡನೆಯ ಎಚ್‌ಡಿಎಂಐ ಕಿಂಡಿ. ಪ್ರತಿ ಕಿಂಡಿಗೂ ಮಾನಿಟರ್ ಬೇರೆ ಬೇರೆ ಸೆಟ್ಟಿಂಗ್ ಇಟ್ಟುಕೊಳ್ಳುತ್ತದೆ. ಮಾನಿಟರಿನ ಮೆನುವಿನಲ್ಲಿ ಓವರ್‌ಸ್ಕ್ಯಾನ್ ಆಫ್ ಮಾಡಿದೆ. ಟಾಸ್ಕ್‌ಬಾರ್ ಪೂರ್ತಿ ಬಂತು. ಅಕ್ಷರ ಗಟ್ಟಿಯಾಯಿತು.

ಇನ್ನೂ ಒಂದು ಕೊರತೆ ಉಳಿದಿತ್ತು. ಕಪ್ಪು ಅಕ್ಷರ ಬೂದಿ ಬಳಿದಂತಿತ್ತು, ಬಿಳಿ ಕಾಗದ ಮಂಕಾಗಿತ್ತು. ಇದೂ ಟಿವಿಯ ಬಳುವಳಿಯೇ. ಕಂಪ್ಯೂಟರ್ ಕಪ್ಪನ್ನು 0, ಬಿಳಿಯನ್ನು 255 ಅನ್ನುತ್ತದೆ. ಟಿವಿ ಲೆಕ್ಕದಲ್ಲಿ ಕಪ್ಪು 16, ಬಿಳಿ 235. 1080ರ ಎಚ್‌ಡಿಎಂಐ ಪರದೆಯನ್ನು ಕಾರ್ಡ್ ಟಿವಿ ಅಂತ ತಿಳಿದು, ಆ ಕುಗ್ಗಿದ ಲೆಕ್ಕದಲ್ಲಿ ಕಳಿಸುತ್ತಿತ್ತು. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲಿನ 'ಚೇಂಜ್ ರೆಸಲ್ಯೂಷನ್' ಪುಟದ ಕೆಳಗೆ ಬಣ್ಣದ ಆಯ್ಕೆಗಳಿವೆ. ಅಲ್ಲಿ ಬಗೆಯನ್ನು 'ಆರ್‌ಜಿಬಿ', ವ್ಯಾಪ್ತಿಯನ್ನು 'ಫುಲ್' ಮಾಡಿದೆ. ಅಪ್ಲೈ ಒತ್ತಿದ ಗಳಿಗೆ ಪರದೆಯ ಮೇಲಿನ ಮಂಜು ಎದ್ದುಹೋಯಿತು. ಕೊನೆಗೆ, ಅಕ್ಷರ ತಿಳಿಯಾಗಿಸುವ ವಿಂಡೋಸಿನ ಕ್ಲಿಯರ್‌ಟೈಪ್ ಹೊಂದಿಕೆಯನ್ನು ಅಪ್ಪನ ಕೈಯಲ್ಲೇ ಮಾಡಿಸಿದೆ. ಯಾವ ಮಾದರಿ ಚೆನ್ನಾಗಿ ಕಾಣುತ್ತದೆ ಅಂತ ಅದು ಕೇಳುತ್ತಾ ಹೋಗುತ್ತದೆ. ಓದುವವರ ಕಣ್ಣೇ ಉತ್ತರ ಕೊಡಬೇಕು.

ಶಬ್ದ ಬರುತ್ತಿಲ್ಲ ಅಂದರು. ಎಚ್‌ಡಿಎಂಐ ಶಬ್ದವನ್ನೂ ಒಯ್ಯುತ್ತದೆ, ವಿಂಡೋಸ್ ಅದನ್ನೇ ಮುಖ್ಯ ಮಾಡಿಕೊಂಡಿತ್ತು. ಈ ಮಾನಿಟರಿಗೆ ಸ್ಪೀಕರ್ ಇಲ್ಲ. ಶಬ್ದದ ಚಿಹ್ನೆ ಒತ್ತಿ ಹಳೆಯ ಸ್ಪೀಕರ್ ಆರಿಸಿದೆ, ಮುಗಿಯಿತು.

ಕಾರ್ಡ್ ಸರಿಯಾಗಿ ಕೂತಿದೆಯಾ ಅಂತ ಜಿಪಿಯು ಝಡ್ ಎಂಬ ತಂತ್ರಾಂಶದಲ್ಲಿ ನೋಡಿದೆ. 1030 ಬಳಸುವುದೇ 4 ಲೇನ್. ನಮ್ಮ ಸ್ಲಾಟಿನ 2.0 ವೇಗದಲ್ಲಿ ಅದು ಸೆಕೆಂಡಿಗೆ 2 ಗಿಗಾಬೈಟ್, ಈ ಕೆಲಸಕ್ಕೆ ಬೇಕಾದಷ್ಟು. ಮೊದಲು '1.1' ಅಂತ ತೋರಿಸಿದಾಗ ಬೆಚ್ಚಿದೆ. ಕೆಲಸವಿಲ್ಲದಾಗ ಕಾರ್ಡ್ ಕರೆಂಟ್ ಉಳಿಸಲು ವೇಗ ಇಳಿಸಿಕೊಳ್ಳುತ್ತದೆ. ಪಕ್ಕದ ಪ್ರಶ್ನೆ ಚಿಹ್ನೆ ಒತ್ತಿ ಪರೀಕ್ಷೆ ಓಡಿಸಿದರೆ 2.0 ಆಯಿತು. ಲೇನ್ ಸಂಖ್ಯೆ 1 ಅಂತ ತೋರಿಸಿದರೆ ಮಾತ್ರ ಹಲ್ಲು ಒರೆಸಿ ಮತ್ತೆ ಕೂರಿಸಬೇಕು.

ವಿಡಿಯೊ ನೋಡುವಾಗ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟೆ. ಗ್ರಾಫಿಕ್ಸ್ ಪುಟದಲ್ಲಿ 'ವಿಡಿಯೊ ಡಿಕೋಡ್' ಅನ್ನುವ ರೇಖೆ ಮೇಲೇರಿತು, ಪ್ರೊಸೆಸರಿನದು ಕೆಳಗಿಳಿಯಿತು. ಮೊದಲು ವಿಡಿಯೊ ಹಾಕಿದರೆ ಪ್ರೊಸೆಸರಿನ ಫ್ಯಾನ್ ಹೋ ಅನ್ನುತ್ತಿತ್ತು. ಈಗ ಸದ್ದಿಲ್ಲ. ಎಚ್‌ಡಿ 2000 ತೆಗೆದುಕೊಂಡಿದ್ದ ರ‍್ಯಾಮಿನ ಪಾಲೂ ವಾಪಸ್ ಬಂತು. ಒಂದು ಗಂಟೆ ವಿಡಿಯೊ ಓಡಿಸಿ, ಮುಚ್ಚಳ ಹಾಕಿ, ಕಾರ್ಡಿನ ಶಾಖ ನೋಡಿದೆ: 54 ಡಿಗ್ರಿ. ತೆಳ್ಳಗಿನ ಕ್ಯಾಬಿನೆಟ್ಟಿಗೆ ಇದು ಒಳ್ಳೆಯ ಅಂಕಿ. 12 ವೋಲ್ಟ್ ಸಾಲು ಮತ್ತೆ ಅಳೆದರೆ 11.91. ಕಾರ್ಡಿನಿಂದ ಅದಕ್ಕೆ ಭಾರವಾಗಿಲ್ಲ.

ಇನ್ನೊಂದು ಕೆಲಸ ಬಾಕಿಯಿದೆ. ಇದರಲ್ಲಿರುವುದು ವಿಂಡೋಸ್ 10. ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಈ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಮುಂದೆ ವಿಂಡೋಸ್ ಬದಲು ಲಿನಕ್ಸ್ ಹಾಕಬೇಕು. ಆಗ ಈ ಕಾರ್ಡಿನ ಡ್ರೈವರ್ ಕಥೆ ಹೊಸದಾಗಿ ಶುರುವಾಗುತ್ತದೆ, ಅದನ್ನು ಮಾಡುವಾಗ ಬರೆಯುತ್ತೇನೆ.

ಎರಡು ವಾರದ ಮೇಲೆ ಒಂದು ಸಂಜೆ ಅಪ್ಪನ ಹಿಂದೆ ನಿಂತು ಪರದೆ ನೋಡಿದೆ. ಬ್ರೌಸರಿನಲ್ಲಿ ಅವರು ಯಾವಾಗಲೂ ಪುಟವನ್ನು 175 ಪ್ರತಿಶತಕ್ಕೆ ಹಿಗ್ಗಿಸಿ ಓದುತ್ತಿದ್ದರು. ನಾನೇನೂ ಹೇಳಿರಲಿಲ್ಲ. ಅವರೇ 125ಕ್ಕೆ ಇಳಿಸಿಕೊಂಡಿದ್ದರು.